ಚಾಪೆ ಶೂರ

ನನ್ನ ಪೂರ್ವಜರಲ್ಲಿ ಯಾರೂ ಕತ್ತಿ ಹಿಡಿದವರಲ್ಲ. ಹಿಮಿ ಬಂದರಿನಲ್ಲಿ ಮೀನು ಹಿಡಿದವರು, ಮೀನು ಹೊತ್ತವರು. ಒಬ್ಬರು ಮಾತ್ರ ಮೀನು ಕದ್ದವರು. ನಾನು ಮೀನಿನ ಕಡುಬು ಮಾಡುವ ಕಾರ್ಖಾನೆಯಲ್ಲಿ ನೌಕರ. ಕಡುಬಿನ ಮೈಮೇಲಿನ ಗುಲಾಬಿ ಬಣ್ಣ ಇರಬೇಕಾದಷ್ಟೇ ಗುಲಾಬಿಯಾಗಿದೆಯೇ ಎಂದು ನೋಡಿ ತಲೆಯಾಡಿಸುವುದು ನನ್ನ ಕೆಲಸ. ಇಂಥ ವಂಶದಲ್ಲಿ ಹುಟ್ಟಿ ಇಂಥ ಹುದ್ದೆಯಲ್ಲಿರುವವನು ಐವತ್ತು ದಾಟಿದ ಮೇಲೆ ಖಡ್ಗವಿದ್ಯೆಗೆ ಕೈಹಾಕಿದನೆಂದರೆ ಅದಕ್ಕೆ ಕಾರಣ ನಮ್ಮ ಡಾಕ್ಟರು.

ಅವರು ನನ್ನ ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಸಂತೆಯಲ್ಲಿ ಮೀನಿನ ತೂಕ ಅಂದಾಜು ಮಾಡುವವರ ಹಾಗೆ ಎತ್ತಿ ನೋಡಿ, "ಏನಾದ್ರೂ ಆಟ ಆಡಿ ಕುಸಾಕಾ ಅವರೇ. ಗಾಲ್ಫ್ ಆಡಿ" ಎಂದರು. ಗಾಲ್ಫಿನಲ್ಲಿ ಚೆಂಡು ಹೋದಲ್ಲೆಲ್ಲ ಹೋಗಬೇಕು. ಕತ್ತಿಯಿಂದ ಚಾಪೆ ಕಡಿಯುವ ವಿದ್ಯೆಯಲ್ಲಿ ಹಾಗಲ್ಲ. ಹಳೆಯ ಚಾಪೆಯನ್ನು ಸುರುಳಿ ಸುತ್ತಿ, ನೀರಲ್ಲಿ ನೆನೆಸಿ, ಮರದ ಕಾಲಿನ ಮೇಲೆ ನೆಟ್ಟಗೆ ನಿಲ್ಲಿಸಿರುತ್ತಾರೆ. ಅದು ನಿಂತಲ್ಲೇ ನಿಂತಿರುತ್ತದೆ. ಕಡಿಯುವವನೂ ನಿಂತಲ್ಲೇ ನಿಂತಿರಬಹುದು. ನನಗೆ ಹೇಳಿ ಮಾಡಿಸಿದ ಆಟ ಎಂದುಕೊಂಡು, ಹೊಳೆಯಾಚೆ ಅದನ್ನು ಕಲಿಸುವ ಶಾಲೆಗೆ ಸೇರಿಬಿಟ್ಟೆ.

ಗುರುಗಳ ಹೆಸರು ಇಗಾರಾಶಿ. ಎಪ್ಪತ್ತು ದಾಟಿದ ಹೆಂಗಸು. ಎತ್ತರದಲ್ಲಿ ನನ್ನ ಭುಜಕ್ಕೂ ಬರುವುದಿಲ್ಲ. ಶಿಶುವಿಹಾರದಲ್ಲಿ ಪಾಠ ಹೇಳಿ ನಿವೃತ್ತರಾದವರು, ನಮ್ಮನ್ನೂ ಹಾಗೇ ನಡೆಸಿಕೊಳ್ಳುತ್ತಿದ್ದರು. "ಎಲ್ಲಿ, ಎಲ್ರೂ ಕತ್ತಿ ಒರೆಸಿದ್ರಾ? ಜಾಣರು!" ಆದರೆ ಅವರು ಕತ್ತಿ ಬೀಸಿದರೆ ಸುಂಯ್ ಎಂಬ ಒಂದು ಸಣ್ಣ ಸದ್ದು, ಅಷ್ಟೆ. ಚಾಪೆ ತಾನು ತುಂಡಾದದ್ದು ತನಗೇ ತಿಳಿಯದ ಹಾಗೆ ಒಂದು ಕ್ಷಣ ನಿಂತು, ಆಮೇಲೆ ಮೇಲಿನ ಅರ್ಧ ಮೆಲ್ಲಗೆ ಓರೆಯಾಗಿ ಜಾರಿ ಕೆಳಗಿಳಿಯುತ್ತಿತ್ತು.

ನಾನು ಬೀಸಿದರೆ ಚಾಪೆಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಮೊದಮೊದಲು ಕತ್ತಿ ದಪ್ಪೆಂದು ಬಡಿದು ನಿಲ್ಲುತ್ತಿತ್ತು. ವರ್ಷ ಕಳೆದ ಮೇಲೆ ಪ್ರಗತಿ ಕಂಡುಬಂದು, ಅರ್ಧ ಒಳಗೆ ಹೋಗಿ ನಿಲ್ಲತೊಡಗಿತು. ಇದು ಮೊದಲಿಗಿಂತ ಕಷ್ಟ, ಏಕೆಂದರೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ.

"ಬಲ ಬೇಡ ಕುಸಾಕಾ ಅವರೇ," ಎನ್ನುತ್ತಿದ್ದರು ಗುರುಗಳು. "ಅಲಗು ಯಾವ ಕಡೆ ನೋಡುತ್ತೋ ಕೈ ಆ ಕಡೆಗೇ ಹೋಗ್ಬೇಕು. ನಿಮ್ಮ ಅಲಗು ಸಮುದ್ರದ ಕಡೆ ನೋಡ್ತಿದೆ, ಕೈ ಗುಡ್ಡದ ಕಡೆ ಹೋಗ್ತಿದೆ. ಪಾಪ, ಕತ್ತಿಗೆ ಏನು ಮಾಡ್ಬೇಕು ಅಂತ ತಿಳೀತಿಲ್ಲ."

ಹೀಗೆ ನಾನೂ ಕತ್ತಿಯೂ ಒಟ್ಟಿಗೆ ಗಲಿಬಿಲಿಯಲ್ಲಿದ್ದಾಗ ಒಂದು ಭಾನುವಾರ ಶಾಲೆಯ ಅಂಗಳ ಗುಡಿಸುವ ಸರದಿ ನನ್ನದಾಯಿತು. ಗುರುಗಳು ಕಡಿದು ಹಾಕಿದ ಚಾಪೆಯ ತುಂಡುಗಳನ್ನು ಚೀಲಕ್ಕೆ ತುಂಬಿ, ಹೊಳೆಯಾಚೆಯ ಆ ಶಾಲೆಯಿಂದ ಮನೆಗೆ ತಂದು, ಮರುದಿನ ಬೆಳಿಗ್ಗೆ ನಮ್ಮ ಮೂರನೇ ಬೀದಿಯ ಕಸದ ಕಟ್ಟೆಯ ಮೇಲಿಟ್ಟೆ. ನಮ್ಮಲ್ಲಿ ಕಸದ ಚೀಲ ಪಾರದರ್ಶಕ. ಒಳಗೇನಿದೆ ಎಂದು ಇಡೀ ಬೀದಿ ನೋಡಬಹುದು. ಇಡೀ ಬೀದಿಯ ಪರವಾಗಿ ನೋಡುವವರು ಒಕಿತ್ಸು ಎಂಬ ಹೆಂಗಸು. ಅವರು ಬೀದಿಯ ಸಂಘಕ್ಕೂ ಅಧ್ಯಕ್ಷರು, ಕಸಕ್ಕೂ ಅಧ್ಯಕ್ಷರು.

ಒಕಿತ್ಸು ಅವರು ಚೀಲದ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಸಾಮಾನ್ಯವಾಗಿ ಅವರು ಹೀಗೆ ಕುಳಿತರೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಆದರೆ ಅಂದು ಅವರ ಮುಖ ಅರಳಿತು.

"ಅಯ್ಯಯ್ಯೋ, ಎಂಥಾ ನುಣುಪು! ತೋಫು ಕತ್ತರಿಸಿದ ಹಾಗಿದೆ. ಇದು ಕತ್ತೀಲಿ ಕಡಿದದ್ದಾ ಕುಸಾಕಾ ಅವರೇ?"

"ಹೌದು, ಕತ್ತೀಲೇ."

"ನೀವು ಆ ಶಾಲೆಗೆ ಹೋಗ್ತೀರಂತಲ್ಲ. ನೀವೇನಾ?"

ಇಲ್ಲಿ ನಾನು ಸುಳ್ಳು ಹೇಳಲಿಲ್ಲ. ದೂರದ ಸಮುದ್ರದ ಕಡೆ ನೋಡಿ "ಹೂಂ..." ಎಂದು ಉಸಿರು ಬಿಟ್ಟೆ. ನಿಟ್ಟುಸಿರು ಸುಳ್ಳಾಗುವುದಿಲ್ಲವಲ್ಲ!

ಮುಂದಿನ ವಾರ ನನ್ನ ಸರದಿಯಲ್ಲದಿದ್ದರೂ ಅಂಗಳ ಗುಡಿಸಿದೆ. ಅದರ ಮುಂದಿನ ವಾರವೂ ಗುಡಿಸಿದೆ. ಕುಸಾಕಾ ಅವರಿಗೆ ಎಷ್ಟು ಶ್ರದ್ಧೆ ಎಂದು ಗುರುಗಳು ಎಲ್ಲರೆದುರು ಹೊಗಳಿದರು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು, ನುಣುಪಾದ ಮುಖಗಳು ಹೊರಕ್ಕೆ ಕಾಣುವಂತೆ ತುಂಡುಗಳನ್ನು ಚೀಲದಲ್ಲಿ ಜೋಡಿಸುತ್ತಿದ್ದೆ. ಹಬ್ಬಕ್ಕೆ ಕಡುಬಿನ ಪೆಟ್ಟಿಗೆಯನ್ನು ನಾನು ಎಂದೂ ಅಷ್ಟು ಚಂದವಾಗಿ ಜೋಡಿಸಿದವನಲ್ಲ.

ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಬೀದಿ ನಮ್ಮದು. ಕುಸಾಕಾ ಚಾಪೆ ಕಡಿಯುತ್ತಾನಂತೆ ಎಂಬುದು ಮೀನು ಮಾರುಕಟ್ಟೆ ತಲುಪುವಷ್ಟರಲ್ಲಿ ಕಣ್ಣು ಕಟ್ಟಿಕೊಂಡು ಕಡಿಯುತ್ತಾನಂತೆ ಎಂದಾಗಿತ್ತು. ಒಂದು ಸಂಜೆ ಪೊಲೀಸ್ ಠಾಣೆಯ ಸೆಗಾವಾ ಬಂದ. ನನ್ನ ಕತ್ತಿಯ ನೋಂದಣಿ ಪತ್ರ ಕೇಳಿ ನೋಡಿ, ಹಿಂದಕ್ಕೆ ಕೊಟ್ಟು, ಮಂಡಿಯೂರಿ ನೆಟ್ಟಗೆ ಕುಳಿತ.

"ಎಲ್ಲಾ ಸರಿಯಾಗಿದೆ. ಒಂದು ಮಾತು ಕೇಳ್ಲಾ? ಕಳ್ಳರ ಬಗ್ಗೆ ನಿಮ್ಮ ಅಭಿಪ್ರಾಯ ಏನು?"

"ಒಳ್ಳೇ ಅಭಿಪ್ರಾಯ ಇಲ್ಲ," ಎಂದೆ. ಹಾಗಲ್ಲದೆ ಇನ್ನೇನು ಹೇಳಲಿ?

ಅವನು ಬೆವರು ಒರೆಸಿಕೊಂಡ. "ಅಷ್ಟು ಸಾಕು. ಹಾಗಾದ್ರೆ ಈ ಬೀದೀಲಿ ನಾನು ದಿನಾ ಗಸ್ತು ತಿರುಗೋ ಅಗತ್ಯ ಇಲ್ಲ."

ಅವನು ಹೋದ ಮೇಲೆ ನನ್ನ ಹೆಂಡತಿ ಫುಸಾಯೆ ಟೀ ಬಟ್ಟಲು ಎತ್ತುತ್ತಾ ಕೇಳಿದಳು: "ಏನ್ರೀ, ಇದ್ದ ಒಬ್ಬ ಪೊಲೀಸನ್ನೂ ಕಳಿಸಿಬಿಟ್ರಲ್ಲ. ರಾತ್ರಿ ಯಾರಾದ್ರೂ ನುಗ್ಗಿದ್ರೆ ನೀವು ಏಳ್ತೀರಾ?"

"ಏಳ್ತೀನಿ."

"ಹೋದ ವರ್ಷ ಭೂಕಂಪಕ್ಕೇ ಎದ್ದಿರ್ಲಿಲ್ಲ."

ಮೂಲೆಯಲ್ಲಿ ಕುಳಿತಿದ್ದ ಅತ್ತೆ ತೋಮೆ ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಎಂಬತ್ತಾರು ತುಂಬಿದ ಅವರು ನನ್ನನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ. "ಅಳಿಯಂದಿರು ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗೆದದ್ದನ್ನ ನಾನು ಕಂಡಿಲ್ಲಮ್ಮ. ಕಡಿಯೋದು ಬೇರೆ ವಿದ್ಯೆ ಇರ್ಬೋದು" ಎಂದರು.

ಒಂದು ದಿನ ಒಕಿತ್ಸು ಅವರು ನನ್ನನ್ನು ಬೀದಿಯ ಕೊನೆಗೆ ಕರೆದೊಯ್ದರು. ಅಲ್ಲಿ ಅಕ್ಕಪಕ್ಕದ ಮನೆಯವರಿಬ್ಬರಿಗೆ ಗೋಡೆ ದಾಟಿದ ಪರ್ಸಿಮನ್ ಹಣ್ಣಿನ ಮರದ ಕೊಂಬೆಯ ಮೇಲೆ ಬಹಳ ಕಾಲದ ಜಗಳ. "ನೀವು ಏನೂ ಹೇಳ್ಬೇಡಿ, ಸುಮ್ನೆ ನಿಂತ್ಕೊಳ್ಳಿ" ಎಂದರು. ನಿಂತೆ. ಮೂಗು ತುರಿಸಿತೆಂದು ಬಲಗೈ ಎತ್ತಿದೆನೋ ಇಲ್ಲವೋ, ಕೊಂಬೆಯ ಯಜಮಾನ "ಬೇಡ, ಬೇಡ! ನಾನೇ ಕಡೀತೀನಿ, ಇವತ್ತೇ ಕಡೀತೀನಿ!" ಎಂದು ಗರಗಸ ತರಲು ಒಳಗೋಡಿದ.

ನಿಜ ಹೇಳಬೇಕೆಂದರೆ ನನಗಿದು ಹಿತವಾಗಿಯೇ ಇತ್ತು. ನಡೆಯುವಾಗ ಎದೆ ಮುಂದೆ ಬರುತ್ತಿತ್ತು. ಹೊಟ್ಟೆ ಅದಕ್ಕಿಂತ ಮೊದಲೇ ಬಂದಿರುತ್ತಿತ್ತು, ಅದು ಬೇರೆ ಮಾತು.

ಸೆಪ್ಟೆಂಬರಿನಲ್ಲಿ ಹಿರಿಯರ ದಿನ ಬಂತು. ಪ್ರತಿವರ್ಷ ಸಮುದಾಯ ಭವನದಲ್ಲಿ ಬೀದಿಯ ಮುದುಕ ಮುದುಕಿಯರನ್ನು ಕೂರಿಸಿ, ಹುರುಳಿ ಹೂರಣದ ಉಂಡೆ ಕೊಟ್ಟು, ರಕ್ತದೊತ್ತಡದ ಮೇಲೆ ಒಂದು ಭಾಷಣ ಮಾಡಿಸುವುದು ವಾಡಿಕೆ. ಈ ವರ್ಷ ಭಾಷಣ ಬೇಡ ಎಂದು ಸಂಘ ನಿರ್ಧರಿಸಿತ್ತು.

"ನೀವು ಒಂದು ಚಾಪೆ ಕಡಿದು ತೋರಿಸ್ಬೇಕು," ಎಂದರು ಒಕಿತ್ಸು.

"ನನಗೆ ಸೊಂಟ ನೋವು."

"ನಿಜವಾದ ವಿದ್ಯಾವಂತರು ಹಾಗೇ ಹೇಳೋದು."

"ನಾನಿನ್ನೂ ಕಲೀತಾ ಇದ್ದೀನಿ ಅಷ್ಟೆ."

"ನೋಡಿ, ನೋಡಿ! ಇದನ್ನೂ ಅವರು ಹಾಗೇ ಹೇಳೋದು." ಅವರು ಎದ್ದು ಹೊರಟರು. "ನಿಮ್ಮ ಗುರುಗಳಿಗೂ ಫೋನ್ ಮಾಡಿ ಕರೆದಿದ್ದೀನಿ. ಶಿಷ್ಯನ ಕೀರ್ತಿ ಅವರೂ ನೋಡ್ಲಿ."

ಅಂದಿನಿಂದ ಉಗುಳಲಾಗದ ನುಂಗಲಾಗದ ಬಿಸಿ ತುತ್ತು ನನ್ನ ಬಾಯಲ್ಲಿ. ಒಂದು ಚಾಪೆಯ ಸುರುಳಿ ತಂದು ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿದೆ. ಮನೆಯವರೆಲ್ಲ ಸ್ನಾನಕ್ಕೆ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಬೇಕಾಯಿತು. ಅತ್ತೆ ತಮ್ಮ ಟವೆಲನ್ನು ತಲೆಗೆ ಸುತ್ತಿಕೊಂಡು, ತೊಟ್ಟಿಯಲ್ಲಿ ಮಲಗಿದ್ದ ಚಾಪೆಯನ್ನು ನೋಡಿ, "ನೀರು ಬೆಚ್ಚಗಿದೆಯೇನಪ್ಪಾ?" ಎಂದು ಅದನ್ನೇ ವಿಚಾರಿಸಿ ಹೊರಟುಹೋದರು.

ಮನೆ ಖಾಲಿಯಾದದ್ದೇ ನನಗೊಂದು ಉಪಾಯ ಹೊಳೆಯಿತು. ಚಾಪೆಯನ್ನು ಮೊದಲೇ ಓರೆಯಾಗಿ ಕುಯ್ದು, ಹಿಂಬದಿಯಲ್ಲಿ ನಾಲ್ಕು ಎಳೆ ಮಾತ್ರ ಉಳಿಸಿದರೆ? ಕತ್ತಿ ಸುಮ್ಮನೆ ಅದೇ ದಾರಿಯಲ್ಲಿ ಹೋದರೂ ಸಾಕು, ಹೋಗದಿದ್ದರೂ ಸಾಕು. ಅಡಿಗೆಮನೆಯಲ್ಲಿ ಬ್ರೆಡ್ ಕುಯ್ಯುವ ಉದ್ದ ಚಾಕುವಿತ್ತು. ಕುಯ್ದೆ. ಆ ಕೆಲಸದಲ್ಲಿ ಮಾತ್ರ ನನ್ನ ಅಲಗೂ ಕೈಯೂ ಒಂದೇ ಕಡೆ ಹೋದವು. ಮರುದಿನ ತಿಂಡಿಗೆ ಕುಳಿತಾಗ ಫುಸಾಯೆ ಬ್ರೆಡ್ ಚೂರನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಹುಲ್ಲು ಹೇಗೆ ಬಂತು?" ಎಂದಳು. "ನಾರಿನಂಶ ಇರೋ ಬ್ರೆಡ್ಡು, ಹೊಟ್ಟೆಗೆ ಒಳ್ಳೇದು" ಎಂದೆ.

ಹಿರಿಯರ ದಿನ ಭವನ ತುಂಬಿತ್ತು. ಮುಂದಿನ ಸಾಲಿನ ನಡುವೆ ಅತ್ತೆ, ಅವರ ಎಡಬಲದಲ್ಲಿ ಅವರಷ್ಟೇ ಹರಿತವಾದ ಗೆಳತಿಯರು. ಬಾಗಿಲಲ್ಲಿ ಸಮವಸ್ತ್ರದ ಸೆಗಾವಾ. ಕೊನೆಯ ಸಾಲಿನಲ್ಲಿ, ಮುಂದಿನವರ ತಲೆಗಳ ಮಧ್ಯೆ ಆಗಾಗ ಮಾತ್ರ ಕಾಣುತ್ತಾ, ಇಗಾರಾಶಿ ಗುರುಗಳು. ನಾನು ಕಪ್ಪು ನಿಲುವಂಗಿ ತೊಟ್ಟು, ಸೊಂಟಕ್ಕೆ ಕತ್ತಿ ಸಿಗಿಸಿ, ವೇದಿಕೆಗೆ ಬಂದೆ. ಚಾಪೆ ಆಗಲೇ ನಿಂತಿತ್ತು. ಮೊದಲು ಚಾಪೆಗೆ ನಮಸ್ಕರಿಸುವುದು ಕ್ರಮ. ನಡುವಿನಿಂದ ಕೆಳಕ್ಕೆ ಬಾಗಿದೆ.

ಥಪ್ ಎಂದಿತು.

ತಲೆ ಎತ್ತಿದೆ. ಚಾಪೆಯ ಮೇಲಿನ ಅರ್ಧ ನೆಲದ ಮೇಲೆ ಬಿದ್ದಿತ್ತು. ನನ್ನ ಕೈ ಇನ್ನೂ ತೊಡೆಯ ಮೇಲಿತ್ತು, ಕತ್ತಿ ಇನ್ನೂ ಒರೆಯಲ್ಲಿತ್ತು.

ಭವನವೆಲ್ಲ ಕತ್ತು ಮುಂದಕ್ಕೆ ಚಾಚಿತು. ಆಮೇಲೆ ಸೆಗಾವಾ ಬಾಗಿಲಿಂದಲೇ ಕೂಗಿದ: "ಕಾಣ್ಲೇ ಇಲ್ಲ! ನನ್ನ ಕಣ್ಣಿಗೆ ಕಾಣ್ಲೇ ಇಲ್ಲ! ಯಾವಾಗ ತೆಗೆದ್ರು, ಯಾವಾಗ ಒಳಗಿಟ್ರು?"

ಚಪ್ಪಾಳೆಗೆ ಭವನದ ಗಾಜು ನಡುಗಿತು. ಒಬ್ಬ ಮುದುಕಿ ಕೈಮುಗಿದು ಏನೋ ಪ್ರಾರ್ಥಿಸತೊಡಗಿದಳು. ಹಿಂದಿನ ಸಾಲಿನ ಮುದುಕರೊಬ್ಬರು, "ನಾನು ನೋಡ್ದೆ! ಹೀಗೆ ಮಿಂಚಿದ ಹಾಗಾಯ್ತು!" ಎಂದು ಪಕ್ಕದವರಿಗೆ ಆಣೆ ಇಟ್ಟು ಹೇಳುತ್ತಿದ್ದರು. ಇದು ಅತಿಯಾಯಿತು ಎಂದು ನನಗೂ ಅನಿಸಿತು. ಒಕಿತ್ಸು ಅವರ ಕೈಯಿಂದ ಮೈಕು ಇಸಿದುಕೊಂಡು, "ದಯವಿಟ್ಟು ಕೇಳಿ. ನಾನು ಕತ್ತಿ ತೆಗೀಲೇ ಇಲ್ಲ" ಎಂದೆ.

"ತೆಗೀದೇನೇ ಕಡಿದ್ರಂತೆ!" ಎಂದು ಒಕಿತ್ಸು ಕಣ್ಣೊರೆಸಿಕೊಂಡರು. ಚಪ್ಪಾಳೆ ಎರಡರಷ್ಟಾಯಿತು.

ಅಷ್ಟರಲ್ಲಿ ಇಗಾರಾಶಿ ಗುರುಗಳು ವೇದಿಕೆಗೆ ಹತ್ತಿದರು. ಬಿದ್ದ ತುಂಡನ್ನು ಎತ್ತಿ, ಕಡಿದ ಮುಖವನ್ನು ಹೆಬ್ಬೆರಳಲ್ಲಿ ಸವರಿದರು. ಆಮೇಲೆ ನನಗೆ ಮಾತ್ರ ಕೇಳುವಂತೆ, ಮಗು ಚಡ್ಡಿ ಒದ್ದೆ ಮಾಡಿಕೊಂಡಾಗ ಕೇಳುವ ದನಿಯಲ್ಲಿ ಕೇಳಿದರು:

"ಗರಗಸಾನಾ, ಬ್ರೆಡ್ಡಿನ ಚಾಕುವಾ?"

"ಬ್ರೆಡ್ಡಿನದು, ಗುರುಗಳೇ."

"ಅದೇ ಅಂದ್ಕೊಂಡೆ." ಅವರು ಮೈಕು ತೆಗೆದುಕೊಂಡು ಸಭೆಗೆ ತಲೆಬಾಗಿದರು. "ಕುಸಾಕಾ ಅವರು ಬಹಳ ಬೇಗ ಮಾಡಿಬಿಟ್ರು, ಹಿರಿಯರ ಕಣ್ಣಿಗೆ ಕಾಣ್ಲಿಲ್ಲ. ಇನ್ನೊಂದ್ಸಲ ನಿಧಾನವಾಗಿ ಮಾಡ್ತಾರೆ. ನಾನು ಒಂದು ಚಾಪೆ ತಂದಿದ್ದೀನಿ."

ತಂದಿದ್ದರು! ಚೆನ್ನಾಗಿ ನೆನೆದ, ಯಾರ ಚಾಕುವೂ ಮುಟ್ಟದ, ಕನ್ಯೆಯಂಥ ಚಾಪೆ.

ಕತ್ತಿ ಎಳೆದೆ. ಕಣ್ಣು ಮುಚ್ಚಿದೆನೋ ಏನೋ, ನೆನಪಿಲ್ಲ. ಅಲಗು ಸಮುದ್ರದ ಕಡೆ ನೋಡಿತು, ಕೈ ಗುಡ್ಡದ ಕಡೆ ಹೋಯಿತು. ಕತ್ತಿ ಚಾಪೆಯೊಳಗೆ ಅರ್ಧ ಹೋಗಿ, ಮನೆ ಸಿಕ್ಕಿದ ಹಾಗೆ ನೆಮ್ಮದಿಯಾಗಿ ನಿಂತುಕೊಂಡಿತು. ಎಳೆದೆ. ಬರಲಿಲ್ಲ. ಒಂದು ಕಾಲು ಕೊಟ್ಟು ಎಳೆದೆ. ಚಾಪೆ ಮರದ ಕಾಲಿನ ಸಮೇತ ಮೇಲೆದ್ದು ಬಂತು. ಆ ಭಾರಕ್ಕೆ ನಾನು ಹಿಂದಕ್ಕೆ ಹೆಜ್ಜೆ ಹಾಕಿದೆ, ಅದು ನನ್ನ ಹಿಂದೆ ಬಂತು. ನಾನು ತಿರುಗಿದೆ, ಅದೂ ತಿರುಗಿತು. ವೇದಿಕೆಯ ಮೇಲೆ ನಾವಿಬ್ಬರೂ ಹೊಸದಾಗಿ ಮದುವೆಯಾದವರ ಹಾಗೆ ಕೈಬಿಡದೆ ಸುತ್ತತೊಡಗಿದೆವು. ನೆನೆದ ಚಾಪೆಯ ನೀರು ಮುಂದಿನ ಸಾಲಿಗೆಲ್ಲ ಸಿಡಿಯಿತು.

"ಸೆಗಾವಾ ಅವರೇ, ಹಿಡೀರಿ!" ಎಂದು ಒಕಿತ್ಸು ಚೀರಿದರು.

"ಯಾರನ್ನ? ಚಾಪೇನೋ, ಇವರನ್ನೋ?" ಎಂದ ಸೆಗಾವಾ. ಕಾನೂನಿನಲ್ಲಿ ಇದಕ್ಕೆ ಕಲಂ ಇದ್ದಂತೆ ಕಾಣಲಿಲ್ಲ.

ಕೊನೆಗೆ ಗುರುಗಳೇ ಬಂದು ನನ್ನ ಮಣಿಕಟ್ಟು ಹಿಡಿದು, "ನಿಲ್ಲಿ. ಉಸಿರು ಬಿಡಿ. ಈಗ ಬಿಟ್ಟುಬಿಡಿ" ಎಂದರು. ಬಿಟ್ಟೆ. ಚಾಪೆ, ಕತ್ತಿ, ಮರದ ಕಾಲು ಮೂರೂ ಒಟ್ಟಿಗೆ ಮಲಗಿದವು. ನಾನು ಅವುಗಳ ಪಕ್ಕದಲ್ಲಿ ಕುಳಿತುಬಿಟ್ಟೆ.

ಆಗ ನಗು ಶುರುವಾಯಿತು. ಮೊದಲು ಅತ್ತೆ. ಮೂವತ್ತು ವರ್ಷದಿಂದ ಅವರು ನಕ್ಕದ್ದನ್ನು ನಾನು ಕಂಡವನಲ್ಲ. ಕಟ್ಟಿಸಿಕೊಂಡ ಹಲ್ಲುಗಳನ್ನು ಕೈಯಲ್ಲಿ ಹಿಡಿದು ನಗುತ್ತಿದ್ದರು. ಆಮೇಲೆ ಅವರ ಗೆಳತಿಯರು, ಆಮೇಲೆ ಇಡೀ ಭವನ. ಕೈಮುಗಿದಿದ್ದ ಮುದುಕಿ ಈಗ ಹೊಟ್ಟೆ ಹಿಡಿದುಕೊಂಡಿದ್ದಳು. ನಾನು ಮೈಕಿನಲ್ಲಿ ಬ್ರೆಡ್ ಚಾಕುವಿನ ವಿಷಯ, ಚೀಲದೊಳಗಿನ ತುಂಡುಗಳ ವಿಷಯ ಎಲ್ಲವನ್ನೂ ಒಪ್ಪಿಕೊಂಡೆ. ಒಂದೊಂದು ವಾಕ್ಯಕ್ಕೂ ಹೊಸ ನಗು. ಫುಸಾಯೆ ಮಾತ್ರ ಎದ್ದು ನಿಂತು, "ಆ ಬ್ರೆಡ್ಡು ನಾನು ತಿಂದೆ!" ಎಂದು ಕೂಗಿದಳು.

ಮರುದಿನ ಕಡುಬಿನ ಪೆಟ್ಟಿಗೆಗಳನ್ನು ಹೊತ್ತುಕೊಂಡು ಮನೆ ಮನೆಗೆ ಹೋಗಿ ಕ್ಷಮೆ ಕೇಳಿದೆ. ಮೋಸದ ಬಗ್ಗೆ ಯಾರಿಗೂ ಸಿಟ್ಟಿರಲಿಲ್ಲ. ಒಕಿತ್ಸು ಅವರು ಮಾತ್ರ ಬಾಗಿಲಲ್ಲೇ ನಿಲ್ಲಿಸಿದರು.

"ಸುಳ್ಳು ಹೇಳಿದ್ರಿ, ಆಗ್ಲಿ. ಗಂಡಸರು ಹೇಳ್ತಾರೆ. ಆದ್ರೆ ಆ ಚಾಪೆ ಹೊಳೆಯಾಚೆ ವಾರ್ಡಿಂದು ತಾನೆ? ಅಲ್ಲಿನ ಕಸಾನ ತಂದು ನಮ್ಮ ಕಟ್ಟೆ ಮೇಲೆ ಇಡ್ತಿದ್ರಲ್ಲ, ಅದನ್ನ ಹೇಗೆ ಕ್ಷಮಿಸ್ಲಿ?"

ಕಡುಬಿನ ಎರಡನೇ ಪೆಟ್ಟಿಗೆ ಇಟ್ಟು, ಮೂರು ಸಲ ತಲೆಬಾಗಿ ಬಂದೆ.

ಗುರುಗಳ ಬಳಿಗೆ ಹೋಗಲು ಕಾಲೇ ಬರುತ್ತಿರಲಿಲ್ಲ. ಹೋಗಿ ನೆಲಕ್ಕೆ ಹಣೆ ಹಚ್ಚಿದೆ. ಅವರು ಕೇಳಿದರು: "ನನ್ನ ಚಾಪೆ ತುಂಡುಗಳು ಅಷ್ಟು ಚೆನ್ನಾಗಿ ಕಾಣ್ತಿದ್ವಾ?"

"ತೋಫು ಕತ್ತರಿಸಿದ ಹಾಗೆ ಅಂತ ಎಲ್ರೂ ಹೇಳ್ತಿದ್ರು ಗುರುಗಳೇ."

ಅವರ ಕಿವಿ ಕೆಂಪಾಯಿತು. "ಸರಿ. ಏಳಿ. ಇನ್ಮೇಲೆ ಸುರುಳಿ ಸುತ್ತೋ ಕೆಲಸ ನಿಮ್ಮದು. ಬ್ರೆಡ್ ಚಾಕು ತರ್ಬೇಡಿ."

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಆ ಹಿರಿಯರ ದಿನ ನಕ್ಕವರು ಅದನ್ನು ಮರೆಯಲಿಲ್ಲ. ಪಕ್ಕದ ಬೀದಿಯ ಸಂಘದಿಂದ ಕರೆ ಬಂತು: "ಆ ಚಾಪೆ ಜೊತೆ ತಿರುಗೋ ಐಟಂ ನಮ್ಮಲ್ಲೂ ಮಾಡ್ತೀರಾ?" ಆಮೇಲೆ ಬೆಸ್ತರ ಸಹಕಾರ ಸಂಘ, ವೃದ್ಧರ ಹಗಲು ಮನೆ, ನಮ್ಮ ಕಾರ್ಖಾನೆಯ ವರ್ಷಾಂತ್ಯದ ಊಟ. ಎಲ್ಲೆಡೆ ಹೋದೆ. ಬೇಡವೆನ್ನಲು ನನಗೆ ಯಾವ ಮುಖವಿತ್ತು? ಎಲ್ಲ ಕಡೆಯೂ ನಾನು ಪ್ರಾಮಾಣಿಕವಾಗಿಯೇ ಬೀಸಿದೆ. ನಟನೆ ಎಂಬುದು ಒಂದಿಷ್ಟೂ ಇರಲಿಲ್ಲ. ಪ್ರತಿಸಲವೂ ಕಡಿಯಬೇಕೆಂದೇ ಬೀಸುತ್ತಿದ್ದೆ, ಪ್ರತಿಸಲವೂ ಕತ್ತಿ ಸಿಕ್ಕಿಕೊಳ್ಳುತ್ತಿತ್ತು, ಜನ ಬಿದ್ದು ಬಿದ್ದು ನಗುತ್ತಿದ್ದರು. ಏನು ಟೈಮಿಂಗು ಎಂದು ಹೊಗಳುತ್ತಿದ್ದರು. ವಾರ ವಾರವೂ ಗುರುಗಳ ಅಂಗಳದಲ್ಲಿ ಚಾಪೆ ಸುತ್ತುತ್ತಾ, ಒಮ್ಮೆ, ಒಂದೇ ಒಮ್ಮೆ, ಆ ಸುಂಯ್ ಎಂಬ ಸದ್ದು ನನ್ನ ಕೈಯಿಂದ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ನಗುತ್ತಿದ್ದರು.

ಮತ್ತೆ ಹಿರಿಯರ ದಿನ ಬಂತು. ಈ ಸಲ ಭವನದ ಹೊರಗೂ ಜನ. ಮುಂದಿನ ಸಾಲಿನವರು ನೀರು ಸಿಡಿಯುತ್ತದೆಂದು ಮಳೆಯಂಗಿ ತೊಟ್ಟು ಬಂದಿದ್ದರು. ಅತ್ತೆ ಹಲ್ಲುಗಳನ್ನು ಮೊದಲೇ ತೆಗೆದು ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡಿದ್ದರು. ನಾನು ಬಾಗಿದೆ, ಕತ್ತಿ ಎಳೆದೆ, ಬೀಸಿದೆ.

ಸುಂಯ್.

ಕೈಗೆ ಏನೂ ತಾಗಲಿಲ್ಲ. ಗಾಳಿಯನ್ನು ಕಡಿದ ಹಾಗಿತ್ತು. ತಪ್ಪಿಹೋಯಿತು ಎಂದುಕೊಂಡೆ. ಚಾಪೆ ಒಂದು ಕ್ಷಣ ನಿಂತಿತು. ಆಮೇಲೆ ಅದರ ಮೇಲಿನ ಅರ್ಧ ಮೆಲ್ಲಗೆ, ಓರೆಯಾಗಿ, ಜಾರಿ ಕೆಳಗಿಳಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಳೆಯಂಗಿಗಳು ಸರಸರ ಎಂದವು. "ಇಷ್ಟೇನಾ?" ಎಂದು ಯಾರೋ ಕೇಳಿದರು. "ಪಾಪ, ವಯಸ್ಸಾಯ್ತು, ಮರೆತುಬಿಟ್ರು" ಎಂದು ಇನ್ಯಾರೋ ಅಂದರು. ಒಕಿತ್ಸು ಅವರು ಮೈಕು ಹಿಡಿದು, "ಕ್ಷಮಿಸಿ, ಇವತ್ತು ಕುಸಾಕಾ ಅವರಿಗೆ ಮೈ ಸರಿಯಿಲ್ಲ ಅಂತ ಕಾಣುತ್ತೆ. ಉಂಡೆ ಹಂಚ್ತಾ ಇದ್ದೀವಿ, ದಯವಿಟ್ಟು ಯಾರೂ ಹೋಗ್ಬೇಡಿ" ಎಂದರು. ಕೊನೆಯ ಸಾಲಿನಲ್ಲಿ ಇಗಾರಾಶಿ ಗುರುಗಳು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಕಣ್ಣು ಒರೆಸಿಕೊಳ್ಳುತ್ತಿದ್ದಂತಿತ್ತು, ಅಷ್ಟು ದೂರದಿಂದ ಸರಿಯಾಗಿ ಕಾಣಲಿಲ್ಲ.

ನಾನು ಕಾಲೆಳೆಯುತ್ತಾ ಕೆಳಗಿಳಿದು ಬಂದಾಗ ಅತ್ತೆ ಹಲ್ಲು ಹಾಕಿಕೊಂಡು, ಪಕ್ಕದ ಕುರ್ಚಿ ತೋರಿಸಿ ಕೂರಿಸಿದರು. ತಮ್ಮ ಪಾಲಿನ ಉಂಡೆ ಮುರಿದು ಅರ್ಧ ನನ್ನ ಕೈಗಿಟ್ಟರು. ಅವರು ನನ್ನ ಜೊತೆ ಅಷ್ಟು ಮೃದುವಾಗಿ ಮಾತಾಡಿದ್ದು ಅದೇ ಮೊದಲು.

"ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ. ಮನುಷ್ಯ ಅಂದ್ಮೇಲೆ ಒಂದೊಂದ್ಸಲ ಸರಿಹೋಗಿಬಿಡುತ್ತೆ."